ಸಹನೆಯನ್ನು ಬೋಧಿಸುವವರು

ಮಗನನ್ನು ಮಣ್ಣು ಮಾಡಿದ ಮೂರನೆಯ ದಿನ ನಾವು ಮೇಟಗಳ್ಳಿಯ ಆ ತಾಯಿಯನ್ನು ಕಾಣಲು ಹೋಗಿದ್ದೆವು. ಹೆಗ್ಗಡದೇವನಕೋಟೆ ಕಡೆಯ ಹಳ್ಳಿಯ ಹೆಂಗಸು. ಗಂಡ ಕ್ಷಯದಿಂದ ತೀರಿಕೊಂಡ ಮೇಲೆ ಎರಡು ಗಂಡುಮಕ್ಕಳನ್ನು ಕಟ್ಟಿಕೊಂಡು ಇಲ್ಲಿಗೆ ಬಂದವಳು. ಮೇಟಗಳ್ಳಿಯೂ ಒಂದು ಕಾಲಕ್ಕೆ ಹಳ್ಳಿಯೇ. ಕಾರ್ಖಾನೆಗಳು ಬಂದವು, ಊರು ಮೈಸೂರಿನೊಳಗೆ ಸೇರಿಹೋಯಿತು. ನಾಲ್ಕು ಮನೆಯ ಮುಸುರೆ ತಿಕ್ಕಿ ಆಕೆ ಮಕ್ಕಳನ್ನು ಬೆಳೆಸಿದಳು. ಹಿರಿಯವನು ಗಾರೆ ಕೆಲಸಕ್ಕೆ ಹೋಗಿ ಮನೆಗೆ ನಾಲ್ಕು ಕಾಸು ತರುವ ಹೊತ್ತಿಗೆ ಅಪ್ಪನ ಕೆಮ್ಮು ಮಗನಿಗೂ ಬಂತು. ಎರಡು ತಿಂಗಳು ಮಾತ್ರೆ ನುಂಗಿದ. ಮೈ ಹಗುರಾಯಿತೆಂದು ಬಿಟ್ಟು ಕೆಲಸಕ್ಕೆ ಹೋದ. ಮತ್ತೆ ಮರಳಿದ ಕಾಯಿಲೆ ಮಾತ್ರೆಗೆ ಬಗ್ಗಲಿಲ್ಲ.

ಇಂಥ ಮನೆಗೆ ಹೋದಾಗ ಹೇಳುವ ಮಾತು ನಮ್ಮೆಲ್ಲರ ಬಾಯಲ್ಲಿ ಸಿದ್ಧವಾಗಿಯೇ ಇರುತ್ತದೆ. ನಾವೂ ಹೇಳಿದೆವು: 'ಸಬರ್ ಮಾಡಮ್ಮ.'

ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು: 'ಮಾಡ್ತಾನೇ ಇದ್ದೀನಲ್ಲ ಭಾಯಿ. ಅದೊಂದನ್ನ ಬಿಟ್ಟು ನನಗೆ ಇನ್ನೇನು ಉಳಿದಿದೆ?'

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಮಗೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು.

ಹಿಂದಿರುಗುವಾಗ ಕೆ.ಆರ್.ಎಸ್. ರಸ್ತೆಯಲ್ಲಿ ಕ್ಷಯರೋಗದ ಹಳೆಯ ಸ್ಯಾನಿಟೋರಿಯಂ ಎದುರಾಯಿತು. ಅದರ ಹೆಸರಿನಲ್ಲೇ ಇನ್ನೊಬ್ಬ ತಾಯಿ ಇದ್ದಾಳೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಸಹೋದರಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿ. ಆಕೆಯನ್ನೂ ಆಕೆಯ ಹೆಣ್ಣುಮಕ್ಕಳನ್ನೂ ಇದೇ ಕ್ಷಯ ಬಲಿ ತೆಗೆದುಕೊಂಡಿತು. ಆಗ ಅರಮನೆಯ ವೈದ್ಯರ ಬಳಿಯೂ ಇದಕ್ಕೆ ಮದ್ದಿರಲಿಲ್ಲ. ಸ್ಟ್ರೆಪ್ಟೋಮೈಸಿನ್ ಕಂಡುಹಿಡಿದದ್ದೇ 1943ರಲ್ಲಿ. ತಂಗಾಳಿ, ವಿಶ್ರಾಂತಿ, ಒಳ್ಳೆಯ ಆಹಾರ, ಇಷ್ಟೇ ಚಿಕಿತ್ಸೆ. ದೊರೆ ತನ್ನ ದುಃಖವನ್ನು ಹೊತ್ತುಕೊಂಡು ಸುಮ್ಮನೆ ಕೂರಲಿಲ್ಲ. ಊರ ಹೊರಗಿನ ವಿಶಾಲ ಬಯಲಿನಲ್ಲಿ ಪರರ ಮಕ್ಕಳಿಗಾಗಿ ಆಸ್ಪತ್ರೆ ಎಬ್ಬಿಸಿದರು. 1921ರಿಂದ ಎಷ್ಟೋ ಹಳ್ಳಿಯ ತಾಯಂದಿರು ಆ ಮರಗಳ ನೆರಳಲ್ಲಿ ಬುತ್ತಿ ಬಿಚ್ಚಿ ಕೂತಿದ್ದಾರೆ.

ಇಬ್ಬರು ತಾಯಂದಿರ ಸಂಕಟದಲ್ಲಿ ಹೆಚ್ಚು ಕಡಿಮೆ ಎಂಬುದುಂಟೇ? ಇಲ್ಲ. ಆದರೆ ಒಬ್ಬಳ ನೋವು ಕಟ್ಟಡವಾಯಿತು, ಇನ್ನೊಬ್ಬಳ ನೋವಿಗೆ ನಮ್ಮಿಂದ ಸಿಕ್ಕಿದ್ದು ಎರಡು ಪದ. ನಮ್ಮ ಬಳಿ ರಾಜನ ಬೊಕ್ಕಸವಿಲ್ಲ, ನಿಜ. ಅದನ್ನು ನೆಪ ಮಾಡಿಕೊಳ್ಳುವುದೂ ನಮಗೆ ಚೆನ್ನಾಗಿ ಗೊತ್ತು.

1950ರ ದಶಕದ ಕೊನೆಯಲ್ಲಿ ಮದರಾಸಿನಲ್ಲೊಂದು ಪ್ರಸಿದ್ಧ ಅಧ್ಯಯನ ನಡೆಯಿತು. ಸರಿಯಾಗಿ ಮಾತ್ರೆ ನುಂಗಿದರೆ ಬಡವರ ಇಕ್ಕಟ್ಟಾದ ಮನೆಯಲ್ಲೂ ಕ್ಷಯ ಸ್ಯಾನಿಟೋರಿಯಂನಲ್ಲಿ ವಾಸಿಯಾಗುವಷ್ಟೇ ಚೆನ್ನಾಗಿ ವಾಸಿಯಾಗುತ್ತದೆ ಎಂದು ಅದು ತೋರಿಸಿಕೊಟ್ಟಿತು. ಅದರಿಂದ ಲೋಕಕ್ಕೆ ದೊಡ್ಡ ಉಪಕಾರವಾಯಿತು. ಆದರೆ ಮನೆಯಲ್ಲಿ ಚಿಕಿತ್ಸೆ ಎಂದರೆ ಯಾರ ಕೈಯಲ್ಲಿ? ಮಾತ್ರೆಯ ಹೊತ್ತು ನೆನಪಿಡುವವಳು, ಬೇಡವೆಂದವನಿಗೆ ಗಂಜಿ ಕುಡಿಸುವವಳು, ರಾತ್ರಿ ಕೆಮ್ಮಿಗೆ ಎದ್ದು ಕೂರುವವಳು ತಾಯಿ. ಬೆಳಿಗ್ಗೆ ಮುಸುರೆಗೆ ಹೋಗಬೇಕಾದವಳೂ ಅವಳೇ. ಸರಕಾರ 2018ರಿಂದ ರೋಗಿಯ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಕೊಡತೊಡಗಿತು. 2024ರ ನವೆಂಬರಿನಿಂದ ಅದು 1000 ಆಗಿದೆ. ನೋಡಿಕೊಳ್ಳುವವಳ ತಪ್ಪಿದ ಕೂಲಿಗೆ ಅದರಲ್ಲಿ ಲೆಕ್ಕವಿಲ್ಲ.

ಸಬರ್ ಎಂಬ ಪದವನ್ನು ನಾವು ಎಲ್ಲಿಂದ ತಂದೆವೋ ಅಲ್ಲಿಗೇ ಹೋಗಿ ನೋಡಿದರೆ ನಾಚಿಕೆಯಾಗುತ್ತದೆ. ಕುರ್‌ಆನಿನಲ್ಲಿ ಸುಂದರವಾದ ಸಹನೆಯ ಮಾತನ್ನಾಡುವ ಯಾಕೂಬರು ಮಗನಿಗಾಗಿ ಅತ್ತು ಅತ್ತು ಕಣ್ಣು ಕಳೆದುಕೊಂಡವರು. ಪುಟ್ಟ ಕಂದ ಇಬ್ರಾಹೀಮ್ ತೀರಿಕೊಂಡಾಗ ಪ್ರವಾದಿಯವರ(ಸ) ಕಣ್ಣಲ್ಲೂ ನೀರು ಬಂದಿತ್ತು. ತಾವೂ ಅಳುವುದೇ ಎಂದು ಅಚ್ಚರಿಪಟ್ಟವರಿಗೆ ಅದು ಕರುಣೆ ಎಂದು ತಿಳಿಸಿದರು. ಇನ್ನು ಹಾಜಿರಾ. ಬಾಯಾರಿದ ಮಗುವನ್ನು ಮಲಗಿಸಿ ಆಕೆ ಬಂಡೆಗೊರಗಿ ಕೂರಲಿಲ್ಲ, ಸಫಾ ಮರ್ವಾಗಳ ನಡುವೆ ಏಳು ಸಲ ಓಡಿದಳು. ಇಂದಿಗೂ ಲಕ್ಷಾಂತರ ಹಾಜಿಗಳು ನಡೆಯುವುದು ಆ ತಾಯಿಯ ಹೆಜ್ಜೆಯ ಮೇಲೆಯೇ. ಇವರಲ್ಲಿ ಯಾರ ಸಹನೆಯೂ ಬಾಯಿ ಮುಚ್ಚಿಕೊಂಡಿರಲಿಲ್ಲ, ಕೈಕಟ್ಟಿಯೂ ಕೂತಿರಲಿಲ್ಲ.

ಸಹನೆ ಬೇಡವೆಂದು ನಾವು ಹೇಳುತ್ತಿಲ್ಲ. ಅದಿಲ್ಲದಿದ್ದರೆ ಆ ಹೆಂಗಸು ನಾಲ್ಕನೆಯ ದಿನ ಎದ್ದು ಒಲೆ ಹಚ್ಚುತ್ತಿರಲಿಲ್ಲ. ಆದರೆ ಅದು ಆಕೆ ತನಗೆ ತಾನೇ ಹೇಳಿಕೊಳ್ಳಬೇಕಾದ ಮಾತು. ಹೊಟ್ಟೆ ತುಂಬಿದ ನಾವು ಹೊಸಿಲಲ್ಲಿ ನಿಂತು ಅದನ್ನು ಹೇಳುವಾಗ ಅದರ ಅರ್ಥ ಬೇರೆಯಾಗುತ್ತದೆ: ಇನ್ನು ನಮ್ಮನ್ನು ಏನೂ ಕೇಳಬೇಡ. ಆಕೆಯ ಸಹನೆಯನ್ನು ಹೊಗಳುತ್ತ ಮನೆಗೆ ಬಂದು ನೆಮ್ಮದಿಯಾಗಿ ಉಂಡ ನಮ್ಮ ಸಹನೆಗೆ ಏನು ಹೆಸರಿಡಬೇಕೋ ತಿಳಿಯದು.

ವಾರದ ನಂತರ ಮತ್ತೆ ಹೋದಾಗ ಆಕೆಯ ಕಿರಿಯ ಮಗ ಬಾಗಿಲಲ್ಲಿ ಕೂತಿದ್ದ. ಮನೆಯಲ್ಲಿ ಒಬ್ಬರಿಗೆ ಕ್ಷಯವಿದ್ದರೆ ಉಳಿದವರೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ಅವನನ್ನು ಆಸ್ಪತ್ರೆಗೆ ಕರೆದೊಯ್ಯಲು ಹೇಳಿ ಬಹಳ ದಿನವಾಗಿತ್ತಂತೆ. ಒಂದು ದಿನ ತಪ್ಪಿದರೆ ಕೆಲಸದ ಮನೆಯವರು ಬೇರೆಯವರನ್ನು ಇಟ್ಟುಕೊಳ್ಳುತ್ತಾರೆಂಬ ಹೆದರಿಕೆ ಆಕೆಗೆ. ಮೂರನೆಯ ದಿನ ಆ ಮನೆಯಲ್ಲಿ ನಾವು ಹತ್ತು ಹನ್ನೆರಡು ಮಂದಿ ಸೇರಿದ್ದೆವು. ಈ ಹುಡುಗನ ಬಗ್ಗೆ ಒಬ್ಬರೂ ಕೇಳಿರಲಿಲ್ಲ.

'ಚಪ್ಪಲಿ ಹಾಕ್ಕೋ ಬೇಟಾ' ಎಂದೆವು. ಅವನು ಅಮ್ಮಿಯ ಮುಖ ನೋಡಿದ.