ಶ್ರವಣವೂ ಆಪ್ತವಾಕ್ಯವೂ

ಒಬ್ಬನು ಒಂದು ವಸ್ತುವನ್ನು ಕೊಂಡನು. ಅದು ಅವನಿಗೆ ಬಯಸಿದಷ್ಟು ಸುಖವನ್ನೂ ಕೊಟ್ಟಿತು. ಕೆಲವು ವರ್ಷಗಳಾದ ಮೇಲೆ, ಆ ವಸ್ತು ತಾನು ನಂಬಿದ್ದ ರೀತಿಯಲ್ಲಿ ತಯಾರಾದುದಲ್ಲವೆಂದು ಅವನಿಗೆ ತಿಳಿಯಿತು. ವಸ್ತುವಾದರೋ ಹಿಂದೆ ಇದ್ದಂತೆಯೇ ಇದೆ. ಅದರಲ್ಲಿ ಒಂದು ಕಣವೂ ಬದಲಾಗಿಲ್ಲ. ಹೀಗಿರುವಲ್ಲಿ ಅವನಿಗೆ ಅನ್ಯಾಯವಾಯಿತೆನ್ನಬಹುದೆ? ಆಯಿತೆಂದರೆ, ಅವನು ಕಳೆದುಕೊಂಡುದಾದರೂ ಏನು? ಈ ಪ್ರಶ್ನೆ ತಾರ್ಕಿಕರು ಕಾಲಕ್ಷೇಪಕ್ಕಾಗಿ ಕಲ್ಪಿಸಿಕೊಂಡುದಲ್ಲ. 2022ನೆಯ ಇಸವಿಯಲ್ಲಿ ಅಮೆರಿಕ ದೇಶದ ಸಂಗೀತಪ್ರಿಯರು ಇದೇ ಪ್ರಶ್ನೆಯನ್ನು ಹಿಡಿದು ಬಹು ಬಿರುಸಾಗಿ ವಾದ ಮಾಡಿದರು. ವ್ಯವಹಾರವು ನ್ಯಾಯಾಲಯದ ಮೆಟ್ಟಿಲನ್ನೂ ಏರಿತು.

ವಾದಕ್ಕೆ ಕಾರಣವಾದ ವಸ್ತು ಗ್ರಾಮಫೋನ್ ತಟ್ಟೆ. ಹಳೆಯ ಕಾಲದ್ದೆಂದು ನಾವು ಅಟ್ಟಕ್ಕೆ ಸೇರಿಸಿದ ಈ ಕಪ್ಪು ತಟ್ಟೆಗೆ ಅಲ್ಲಿ ಪುನರ್ಜನ್ಮವಾಗಿದೆ. 1987ರಿಂದೀಚೆಗೆ ಮೊದಲನೆಯ ಸಲ, 2022ರಲ್ಲಿ ಆ ದೇಶದಲ್ಲಿ ವಿನೈಲ್ ತಟ್ಟೆಗಳು ಸಿ.ಡಿ.ಗಳಿಗಿಂತ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾದುವು: ತಟ್ಟೆಗಳು ಸುಮಾರು 4 ಕೋಟಿ 10 ಲಕ್ಷ, ಸಿ.ಡಿ.ಗಳು ಸುಮಾರು 3 ಕೋಟಿ 30 ಲಕ್ಷ. ಕೊಳ್ಳುವವರಲ್ಲಿ ಒಂದು ವರ್ಗದವರಿಗೆ ಬಲವಾದ ಒಂದು ಶ್ರದ್ಧೆಯುಂಟು. ಗಾಯಕನ ಕಂಠವು ಗಾಳಿಯಲ್ಲಿ ಎಬ್ಬಿಸಿದ ಅಲೆಯು ಟೇಪಿನ ಮೇಲೆ ಕಾಂತಶಕ್ತಿಯ ಏರಿಳಿತವಾಗಿ, ಅಲ್ಲಿಂದ ತಟ್ಟೆಯ ಗೀರಿನ ಅಂಕುಡೊಂಕಾಗಿ, ನಡುವೆ ಎಲ್ಲಿಯೂ ಕಡಿಯದೆ ಹರಿದುಬರುತ್ತದೆ. ಡಿಜಿಟಲ್ ಕ್ರಮದಲ್ಲಿಯಾದರೆ ಆ ಅಲೆಯನ್ನು ಸೆಕೆಂಡಿಗೆ ಸಹಸ್ರಾರು, ಲಕ್ಷಾಂತರ ಸಲ ಅಳೆದು, ಅಂಕಿಗಳಾಗಿ ಬರೆದಿಟ್ಟುಕೊಂಡು, ಬೇಕಾದಾಗ ಮತ್ತೆ ಅಲೆಯಾಗಿ ಕಟ್ಟುತ್ತಾರೆ. ಹೀಗೆ ಅಂಕಿಯ ಜನ್ಮವೆತ್ತಿ ಬಂದ ನಾದದಲ್ಲಿ ಜೀವಕಳೆ ಕುಂದುತ್ತದೆ, ಆ ಕುಂದನ್ನು ಪಳಗಿದ ಕಿವಿಯು ಗುರುತಿಸಬಲ್ಲುದು ಎಂಬುದೇ ಅವರ ಶ್ರದ್ಧೆ.

ಇಂಥವರಿಗಾಗಿ ಹಳೆಯ ಗಾನಸಂಪುಟಗಳನ್ನು ಮತ್ತೆ ತಟ್ಟೆಗಳಾಗಿ ಹೊರಡಿಸುವ ಸಂಸ್ಥೆಗಳಲ್ಲಿ ಮೊಬೈಲ್ ಫಿಡೆಲಿಟಿ ಎಂಬುದು ಹೆಸರಾದುದು, 1977ರಲ್ಲಿ ಸ್ಥಾಪಿತವಾದುದು. ಫಿಡೆಲಿಟಿ ಎಂದರೆ ನಿಷ್ಠೆ. ತಟ್ಟೆಯು ಮೂಲ ಟೇಪಿನಿಂದಲೇ ಸಿದ್ಧವಾದುದೆಂಬ ಅರ್ಥದ ಇಂಗ್ಲಿಷ್ ಮಾತು ಅದರ ಹೊದಿಕೆಗಳ ನೆತ್ತಿಯಮೇಲೆ ಅಚ್ಚಾಗಿರುತ್ತಿತ್ತು. ಸಾಮಾನ್ಯವಾಗಿ ತಟ್ಟೆಯೊಂದು ಹುಟ್ಟಬೇಕಾದರೆ, ಮೊದಲು ಲ್ಯಾಕರ್ ಲೇಪವುಳ್ಳ ಬಿಲ್ಲೆಯಮೇಲೆ ಗೀರು ಕೊರೆದು, ಅದರಿಂದ ಲೋಹದ ಅಚ್ಚು, ಆ ಅಚ್ಚಿನಿಂದ ಮತ್ತೊಂದು, ಅದರಿಂದ ಇನ್ನೊಂದು ಎಂದು ತಲೆಮಾರುಗಳನ್ನು ದಾಟಿಸುತ್ತಾರೆ. ಈ ಸಂಸ್ಥೆಯು ನಡುವಣ ತಲೆಮಾರುಗಳನ್ನು ಬಿಟ್ಟು, ಮೊದಲನೆಯ ಅಚ್ಚಿನಿಂದಲೇ ತಟ್ಟೆಗಳನ್ನು ಒತ್ತುವ ‘ಒನ್-ಸ್ಟೆಪ್’ ಎಂಬ ಮಾಲೆಯನ್ನು ಪ್ರಾರಂಭಿಸಿತು. ಬೆಲೆ ನೂರು ಡಾಲರಿನ ಆಚೀಚೆ. ಅಚ್ಚು ಬೇಗ ಸವೆಯುವುದರಿಂದ ಸುಮಾರು ಸಾವಿರ ತಟ್ಟೆಗೊಂದು ಸಲ ಹೊಸ ಬಿಲ್ಲೆಯನ್ನು ಕೊರೆಯಬೇಕು.

2022ರಲ್ಲಿ ಆ ಸಂಸ್ಥೆ ಮೈಕಲ್ ಜ್ಯಾಕ್ಸನ್ನನ ‘ಥ್ರಿಲ್ಲರ್’ ಸಂಪುಟವನ್ನು ಈ ಮಾಲೆಯಲ್ಲಿ ತರುವುದಾಗಿ ಪ್ರಕಟಿಸಿತು. 1982ರ ಕೊನೆಯಲ್ಲಿ ಹೊರಬಂದ, ಕ್ವಿನ್ಸಿ ಜೋನ್ಸನು ರೂಪಿಸಿದ ಈ ಸಂಪುಟವು ಲೋಕದಲ್ಲಿ ಅತ್ಯಂತ ಹೆಚ್ಚಾಗಿ ಮಾರಾಟವಾದ ಸಂಗೀತಕೃತಿಗಳಲ್ಲಿ ಅಗ್ರಗಣ್ಯವಾದುದು. ಒತ್ತುವ ಪ್ರತಿಗಳು 40,000 ಎಂದು ಸಾರಲಾಯಿತು. ಈ ಸಂಖ್ಯೆಯೇ ಗುಟ್ಟನ್ನು ಬಯಲಿಗೆಳೆಯಿತು. ಸಾವಿರಕ್ಕೊಂದು ಬಿಲ್ಲೆಯೆಂದರೆ ನಲವತ್ತು ಸಾವಿರಕ್ಕೆ ಮೂಲ ಟೇಪನ್ನು ಹತ್ತಾರು ಸಲ ಓಡಿಸಬೇಕು. ಓಡಿಸಿದಷ್ಟೂ ಟೇಪು ಸವೆಯುತ್ತದೆ. ಇಂಥ ಅನರ್ಘ್ಯವಾದ ಟೇಪನ್ನು ಅದರ ಒಡೆಯರು ಹೀಗೆ ಸವೆಯಗೊಡುವರೆ? ಕೊಡಲಾರರು. ಆದುದರಿಂದ ನಡುವೆ ಬೇರೊಂದು ಪ್ರತಿ ಇರಲೇಬೇಕು. ಬೆಟ್ಟದಮೇಲೆ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವಂತೆ, ಸಂಗೀತಪ್ರಿಯರಲ್ಲಿ ಕೆಲವರು ಈ ಅನುಮಾನಪ್ರಮಾಣದಿಂದ ಶಂಕಿಸತೊಡಗಿದರು. ಆ ವರ್ಷದ ಜುಲೈ ತಿಂಗಳಲ್ಲಿ ಅರಿಜೋನದ ಫೀನಿಕ್ಸ್ ನಗರದ ತಟ್ಟೆಯ ವ್ಯಾಪಾರಿಯೊಬ್ಬನು ಈ ಸಂಗತಿಯನ್ನು ಬಹಿರಂಗವಾಗಿ ಆಡಿದನು. ಸಂಸ್ಥೆಯ ತಂತ್ರಜ್ಞರೇ ಅವನ ಮುಂದೆ ಅದು ನಿಜವೆಂದು ಒಪ್ಪಿಕೊಂಡರು. 2011ರಿಂದಲೂ ಅವರು ಅನೇಕ ಸಂಪುಟಗಳ ಮೂಲ ಟೇಪನ್ನು ಬಹು ಸೂಕ್ಷ್ಮವಾದ ಡಿಜಿಟಲ್ ರೂಪಕ್ಕೆ ಇಳಿಸಿಕೊಂಡು, ಅದರಿಂದ ತಟ್ಟೆಗಳನ್ನು ಕೊರೆಯುತ್ತಿದ್ದರು. ಮೂಲ ಟೇಪು ಭಂಡಾರದಿಂದ ಹೊರಗೆ ಹೋಗಕೂಡದೆಂದು ಒಡೆಯರು ಕಟ್ಟುಮಾಡಿದ್ದೂ ಇದಕ್ಕೆ ಒಂದು ಕಾರಣ.

ಇಲ್ಲಿ ವಾಚಕರು ಒಂದು ಅಂಶವನ್ನು ಗಮನಿಸಬೇಕು. ಗುಟ್ಟನ್ನು ಕಂಡುಹಿಡಿದುದು ಗಣಿತ; ಕಿವಿಯಲ್ಲ. ಹನ್ನೊಂದು ವರ್ಷಗಳ ಕಾಲ ಈ ತಟ್ಟೆಗಳನ್ನು ಅನುಭವಿಗಳಾದ ವಿಮರ್ಶಕರು ಕೇಳಿದರು, ಮೆಚ್ಚಿದರು, ಅಂಕಿಯ ಸೋಂಕಿಲ್ಲದ ನಾದಕ್ಕೆ ಇವೇ ಮಾದರಿಯೆಂದೂ ಹೊಗಳಿದರು. ಸುದ್ದಿ ಹೊರಬಿದ್ದ ಮೇಲೆ ಸಂಗೀತಪ್ರಿಯರು ಮೂರು ಪಕ್ಷವಾದರು. ಕಿವಿಗೆ ಕೊರತೆ ತೋರದಿದ್ದ ಮೇಲೆ ಮೋಸವೆಲ್ಲಿಯದು ಎಂದರು ಕೆಲವರು. ಮೆಚ್ಚಿದವರ ಮೆಚ್ಚುಗೆಯೆಲ್ಲ ಬರಿಯ ಭ್ರಾಂತಿಯೆಂದು ನಕ್ಕರು ಇನ್ನು ಕೆಲವರು. ನಂಬಿಸಿ ವಂಚಿಸಿದರೆಂದು ಕೆರಳಿದರು ಉಳಿದವರು. ಈ ಮೂರನ್ನೂ ಒಂದೊಂದಾಗಿ ಪರಿಶೀಲಿಸೋಣ.

ಮೊದಲನೆಯ ಪಕ್ಷದವರ ವಾದ ಮೇಲ್ನೋಟಕ್ಕೆ ಬಲವಾಗಿದೆ. ಸಂಗೀತಕ್ಕೆ ಶ್ರವಣೇಂದ್ರಿಯವೇ ಪ್ರಮಾಣ. ಪ್ರತ್ಯಕ್ಷವು ತೃಪ್ತಿಪಟ್ಟ ಮೇಲೆ ಬೇರೆ ಸಾಕ್ಷಿಯೇತಕ್ಕೆ ಎಂದು ಅವರು ಕೇಳುತ್ತಾರೆ. ಆದರೆ ಪ್ರತ್ಯಕ್ಷವು ಯಾವುದಕ್ಕೆ ಪ್ರಮಾಣ? ಕಣ್ಣು ರೂಪವನ್ನು ತಿಳಿಸುತ್ತದೆ. ಮಾವಿನ ಹಣ್ಣು ಯಾರ ತೋಟದ್ದೆಂದು ತಿಳಿಸಲಾರದು. ಹಾಗೆಯೇ ಕಿವಿಯು ನಾದವನ್ನು ತಿಳಿಸುತ್ತದೆ. ಆ ನಾದ ಯಾವ ದಾರಿಯಿಂದ ಬಂದಿತೆಂಬುದು ಅದರ ಅಧಿಕಾರದಲ್ಲಿಲ್ಲ. ಕೊಂಡವನು ನಾದದ ಜತೆಗೆ ನಾದದ ಪರಂಪರೆಯನ್ನೂ ಕೊಂಡಿದ್ದನು. ಮೊದಲನೆಯದನ್ನು ಅವನು ತಾನೇ ಪರೀಕ್ಷಿಸಿಕೊಳ್ಳಬಲ್ಲನು. ಎರಡನೆಯದಕ್ಕೆ ಮಾರುವವನ ಮಾತನ್ನಲ್ಲದೆ ಬೇರೆ ಗತಿಯಿಲ್ಲ. ನೈಯಾಯಿಕರು ಶಬ್ದವನ್ನು ಪ್ರತ್ಯೇಕ ಪ್ರಮಾಣವೆಂದು ಎಣಿಸಿ, ಅದನ್ನು ಆಪ್ತನ ವಾಕ್ಯಕ್ಕೆ ಮಾತ್ರ ಸಲ್ಲಿಸಿದುದು ಈ ಕಾರಣದಿಂದಲೇ. ಆಪ್ತನೆಂದರೆ ಇದ್ದುದನ್ನು ಬಲ್ಲವನೂ ಬಲ್ಲುದನ್ನು ಇದ್ದಂತೆಯೇ ಹೇಳುವವನೂ ಆಗಿರಬೇಕು. ಕಿವಿಗೆ ನ್ಯಾಯ ಸಂದಿತೆಂಬುದರಿಂದ ಮಾತಿಗೂ ನ್ಯಾಯ ಸಂದಿತೆಂದು ಹೇಳಲಾಗದು.

ಅಂಥ ಪರಂಪರೆಗೆ ಬೆಲೆ ಕಟ್ಟುವುದೇ ಮೂಢತನವೆಂದು ಆಕ್ಷೇಪಿಸುವವರೂ ಇರಬಹುದು. ಕಿವಿಗೆ ತೋರದ ಭೇದವನ್ನು ಹಿಡಿದು ಹಲುಬುವುದೇಕೆ? ಅಜ್ಜಿಯ ಕಾಲದ ಬಳೆಯೊಂದನ್ನು ಮೆರುಗು ಹಾಕಿಕೊಡೆಂದು ಅಕ್ಕಸಾಲೆಯ ಕೈಗೆ ಕೊಟ್ಟಿರುತ್ತೇವೆಂದು ಭಾವಿಸೋಣ. ಅವನು ಅದನ್ನು ಕರಗಿಸಿ, ಅಷ್ಟೇ ತೂಕದ, ಅಷ್ಟೇ ಅಪ್ಪಟವಾದ, ಮೊದಲಿಗಿಂತಲೂ ಚೆಲುವಾದ ಬಳೆಯನ್ನು ಮಾಡಿ ಏನನ್ನೂ ಹೇಳದೆ ಒಪ್ಪಿಸುತ್ತಾನೆ. ಚಿನ್ನದಲ್ಲಿ ಗುಲಗಂಜಿಯಷ್ಟೂ ನಷ್ಟವಿಲ್ಲ. ಆದರೂ ಸಂಗತಿ ತಿಳಿದ ದಿನ ಮನೆಯ ಹೆಂಗಸರು ಕಣ್ಣೀರಿಡುವುದನ್ನು ಯಾರೂ ಮೂಢತನವೆನ್ನಲಾರರು. ಅವರಿಗೆ ಬೇಕಾಗಿದ್ದುದು ಅಜ್ಜಿಯ ಕೈಯಲ್ಲಿದ್ದ ಬಳೆ. ವಸ್ತುಗಳನ್ನು ಗುಣದಿಂದ ಮಾತ್ರವಲ್ಲದೆ ಸಂಬಂಧದಿಂದಲೂ ಪ್ರೀತಿಸುವುದು ಮನುಷ್ಯನ ಸ್ವಭಾವ. ಹಾಡುವಾಗ ಓಡುತ್ತಿದ್ದ ಟೇಪಿನಿಂದ ತನ್ನ ಮನೆಯ ತಟ್ಟೆಯವರೆಗೆ ಅವಿಚ್ಛಿನ್ನವಾದ ಒಂದು ತಂತುವಿದೆಯೆಂಬ ಭಾವನೆಗೆ ಒಬ್ಬನು ಹಣ ಕೊಟ್ಟಿದ್ದರೆ, ಆ ಭಾವನೆ ನಮಗೆ ಬೇಕಿಲ್ಲದಿರಬಹುದು. ಅವನ ಹಣ ಮಾತ್ರ ನಿಜವಾದುದೇ.

ಎರಡನೆಯ ಪಕ್ಷದವರು, ಮೆಚ್ಚುಗೆಯೇ ಭ್ರಾಂತಿಯೆಂದು ನಗುವವರು, ಅರ್ಧ ಮಾತ್ರ ಸರಿ. ಅಂಕಿಯ ಸೋಂಕು ಪಳಗಿದ ಕಿವಿಗೆ ತಪ್ಪದೆ ತಿಳಿಯುತ್ತದೆಂಬ ಸಿದ್ಧಾಂತ ಈ ಪ್ರಕರಣದಲ್ಲಿ ಮುರಿದುಬಿದ್ದಿತು. ಅದನ್ನು ಸಾರಿದವರು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಆದರೆ ಅವರ ಸುಖ ಭ್ರಾಂತಿಯಾಗಿರಲಿಲ್ಲ. ಹಗ್ಗವನ್ನು ಹಾವೆಂದು ಬಗೆದು ನಡುಗಿದವನಿಗೆ ದೀಪ ತಂದ ಮೇಲೆ ಹಾವು ಹೋಗುತ್ತದೆ, ಹಗ್ಗವು ಉಳಿಯುತ್ತದೆ. ಇಲ್ಲಿಯೂ ದೀಪ ಬಂದ ಮೇಲೆ ಹೋದುದು ಕಾರಣವನ್ನು ಕುರಿತ ಊಹೆಯೊಂದೇ. ನಾದದ ಸೊಗಸು ಉಳಿದೇ ಇದೆ. ನಿನ್ನೆ ಮಧುರವಾಗಿದ್ದುದು ಇಂದು ಕರ್ಕಶವೆಂದು ಹೇಳಹೊರಡುವವನು, ಮೋಸಹೋದ ನಾಚಿಕೆಯಿಂದ ತನ್ನ ಕಿವಿಯ ಸಾಕ್ಷಿಯನ್ನೇ ಸುಳ್ಳುಮಾಡಿಕೊಳ್ಳುತ್ತಾನೆ. ಆಗ ಅಪ್ರಾಮಾಣಿಕನಾಗುವ ಸರದಿ ಅವನದಾಗುತ್ತದೆ.

ಇನ್ನು ಸಂಸ್ಥೆಯ ಕಡೆಯಿಂದ ಹೇಳಬಹುದಾದ ಮಾತೊಂದಿದೆ: ಹೊದಿಕೆಯಮೇಲೆ ಬರೆದುದರಲ್ಲಿ ಸುಳ್ಳಾದ ಅಕ್ಷರವೊಂದಿಲ್ಲ, ಮೂಲ ಟೇಪನ್ನು ಬಳಸಿದುದು ನಿಜವೇ, ನಡುವೆ ಅಂಕಿಯ ರೂಪಕ್ಕೆ ಇಳಿಸಲಿಲ್ಲವೆಂದು ಯಾರು ಹೇಳಿದರು? ಈ ಸಮಾಧಾನಕ್ಕೆ ಉತ್ತರ ನಮ್ಮ ಮಹಾಭಾರತದಲ್ಲಿದೆ. ದ್ರೋಣಾಚಾರ್ಯರಿಗೆ ಮಗನ ವಿಷಯದಲ್ಲಿ ಉತ್ತರ ಕೊಟ್ಟಾಗ ಧರ್ಮರಾಯನ ಬಾಯಿಂದ ಬಂದ ಅಕ್ಷರಗಳೂ ಸುಳ್ಳಾಗಿರಲಿಲ್ಲ. ಆನೆಯೊಂದು ಸತ್ತಿದ್ದುದು ವಾಸ್ತವ. ಆದರೂ ಅದುವರೆಗೆ ನೆಲದಿಂದ ನಾಲ್ಕಂಗುಲ ಮೇಲೆ ನಿಲ್ಲುತ್ತಿದ್ದ ಅವನ ರಥವು ಆ ಕ್ಷಣದಲ್ಲಿ ನೆಲಕ್ಕಿಳಿಯಿತೆಂದು ವ್ಯಾಸರು ಹೇಳಿದ್ದಾರೆ. ಕೇಳುವವನು ಏನನ್ನು ಗ್ರಹಿಸುವನೆಂದು ಬಲ್ಲವನು, ಆ ತಪ್ಪು ಗ್ರಹಿಕೆ ತನಗೆ ಅನುಕೂಲವಾಗಿರುವಾಗ ಅದನ್ನು ತಿದ್ದದೆ ಸುಮ್ಮನಿದ್ದರೆ, ಆ ಮೌನವೂ ಮಾತೇ ಆಗುತ್ತದೆ. ಸಂಸ್ಥೆಯವರು ತಾವೇ ಇದನ್ನು ಕಂಡುಕೊಂಡರೆನ್ನಬೇಕು. ಅಸ್ಪಷ್ಟವಾದ ಮಾತುಗಳನ್ನು ಬಳಸಿದುದಕ್ಕೂ, ತಪ್ಪು ತಿಳಿವಳಿಕೆ ಹರಡುತ್ತಿದ್ದುದನ್ನು ಹಾಗೆಯೇ ಬಿಟ್ಟುದಕ್ಕೂ ಅವರು ಆ ಜುಲೈ ತಿಂಗಳಲ್ಲಿಯೇ ಕ್ಷಮೆ ಬೇಡಿದರು.

ಪ್ರತಿಮಾಡುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಪ್ರತಿಯಿಂದ ಪ್ರತಿಯಾಗಿ ಇಳಿದುಬಾರದಿದ್ದರೆ ನಮ್ಮ ಗ್ರಂಥಗಳಲ್ಲಿ ಒಂದೂ ನಮಗೆ ಉಳಿಯುತ್ತಿರಲಿಲ್ಲ. ಓಲೆಗರಿಯ ಲಿಪಿಕಾರನು ಕೊನೆಯ ಗರಿಯಲ್ಲಿ ತನ್ನ ಹೆಸರನ್ನೋ ಬರೆದ ಸಂವತ್ಸರವನ್ನೋ ಹೇಳಿ, ತಪ್ಪುಗಳಿದ್ದರೆ ಕ್ಷಮಿಸಬೇಕೆಂದು ಓದುವವರನ್ನು ಬೇಡಿಕೊಳ್ಳುವುದುಂಟು. ಆ ವಿಜ್ಞಾಪನೆಯಿಂದ ಪ್ರತಿಯ ಗೌರವ ಹೆಚ್ಚುತ್ತದೆಯೇ ಹೊರತು ಕುಂದುವುದಿಲ್ಲ. ಗ್ರಾಮಫೋನಿನ ಚರಿತ್ರೆಯಲ್ಲಿಯೂ ಇಂಥದೊಂದುಂಟು. 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿದ ಗೌಹರ್ ಜಾನ್, ಹಾಡು ಮುಗಿದೊಡನೆ ತನ್ನ ಹೆಸರನ್ನು ತಾನೇ ಕೂಗಿ ಹೇಳುತ್ತಿದ್ದಳು. ದೂರದ ಜರ್ಮನಿಯ ಹ್ಯಾನೋವರಿನಲ್ಲಿ ತಟ್ಟೆ ಒತ್ತುವವರಿಗೆ ಇದು ಯಾರ ಹಾಡೆಂದು ತಿಳಿಯಲೆಂದು. ಕಡೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಅಲ್ಲಿಯೇ ತೀರಿಕೊಂಡ ಆ ಗಾಯಕಿಯ ತಟ್ಟೆಗಳಲ್ಲಿ, ನಾದದ ಬೆನ್ನಿಗೇ ನಾದದ ಹುಟ್ಟನ್ನು ಹೇಳುವ ಮಾತೂ ಕೊರೆದಿದೆ.

ಮೂರನೆಯ ಪಕ್ಷದವರ ಕೋಪ ಹೀಗೆ ನ್ಯಾಯವಾದುದು. ಆದರೆ ಅವರು ಕಳೆದುಕೊಂಡುದು ಯಾವುದೆಂಬುದನ್ನು ಅವರೂ ಸರಿಯಾಗಿ ಗುರುತಿಸಬೇಕು. ಅವರ ಕಪಾಟಿನಲ್ಲಿರುವ ತಟ್ಟೆ ಕೆಟ್ಟಿಲ್ಲ. ಕೆಟ್ಟಿರುವುದು ನಂಬಿಕೆ, ಅದೂ ಈ ಸಂಸ್ಥೆಯೊಂದರಲ್ಲಿ ಮಾತ್ರವೇ ಅಲ್ಲ. ನಿಜವಾಗಿಯೂ ಟೇಪಿನಿಂದಲೇ ಕೊರೆದು, ಹಾಗೆಂದು ಬರೆದು ಮಾರುವ ಬೇರೆಯವರ ಮಾತನ್ನೂ ಜನ ಈಗ ಹುಬ್ಬುಗಂಟಿಕ್ಕಿ ಓದುತ್ತಾರೆ. ಒಬ್ಬನ ಮೌನದ ಸಾಲವನ್ನು ಸತ್ಯ ನುಡಿದವರೆಲ್ಲರೂ ತೀರಿಸಬೇಕಾಯಿತು. ಕಿವಿಯ ಸುಖದಿಂದ ಈ ಸಾಲ ಸಂದಾಯವಾಗದು.

ನ್ಯಾಯಾಲಯದ ವ್ಯಾಜ್ಯ 2023ರಲ್ಲಿ ರಾಜಿಯಾಯಿತು. ಕೊಂಡವರು ತಟ್ಟೆಯನ್ನು ಹಿಂದಿರುಗಿಸಿ ಪೂರ್ಣ ಹಣವನ್ನು ಪಡೆಯಬಹುದಾಗಿತ್ತು. ಅಥವಾ ತಟ್ಟೆಯನ್ನು ಇಟ್ಟುಕೊಂಡು ಬೆಲೆಯ ನೂರರಲ್ಲಿ ಐದು ಪಾಲನ್ನು ಪಡೆಯಬಹುದಾಗಿತ್ತು. ಈ ಎರಡು ದಾರಿಗಳ ಮುಂದೆ ನಿಂತವನು ತನ್ನನ್ನು ತಾನೇ ಕೇಳಿಕೊಳ್ಳಬೇಕಾದುದು ಇಷ್ಟು: ನಾನು ಪ್ರೀತಿಸಿದುದು ಹಾಡನ್ನೋ, ಅದರ ಪರಂಪರೆಯನ್ನೋ? ಪರಂಪರೆಗಾಗಿ ಕೊಂಡಿದ್ದವನು ಹಿಂದಿರುಗಿಸಲಿ; ಅದರಲ್ಲಿ ಹಟವಿಲ್ಲ, ನ್ಯಾಯವಿದೆ. ಹಾಡಿಗಾಗಿ ಕೊಂಡಿದ್ದವನು ಇಟ್ಟುಕೊಳ್ಳಲಿ, ಅದರಲ್ಲಿ ಸೋಲಿಲ್ಲ. ಆದರೆ ಇಟ್ಟುಕೊಂಡವನು, ನನಗೆ ಸುಖವಾಯಿತಾದುದರಿಂದ ಅವರು ಮಾಡಿದುದೂ ಸರಿಯೆನ್ನಬಾರದು. ಹಿಂದಿರುಗಿಸಿದವನು, ಅವರು ಮಾಡಿದುದು ತಪ್ಪಾದುದರಿಂದ ನನಗೆ ಸುಖವೇ ಆಗಿರಲಿಲ್ಲವೆನ್ನಬಾರದು.

ಈಗ ಆ ಸಂಸ್ಥೆಯವರು ಮೂಲ ಟೇಪು ಯಾವ ಯಾವ ಹೆಜ್ಜೆಗಳನ್ನು ದಾಟಿ ತಟ್ಟೆಯಾಯಿತೆಂಬುದನ್ನು, ನಡುವಣ ಡಿಜಿಟಲ್ ಹೆಜ್ಜೆಯನ್ನೂ ಸೇರಿಸಿ, ಸ್ಪಷ್ಟವಾಗಿ ತಿಳಿಸುತ್ತಾರೆ. ‘ಥ್ರಿಲ್ಲರ್’ ತಟ್ಟೆಯೂ ಸಂಗತಿಯೆಲ್ಲ ಬಯಲಾದ ಮೇಲೆಯೇ ಕೊಳ್ಳುವವರ ಕೈಸೇರಿತು, ತಿಳಿದೂ ಕೊಂಡವರಿದ್ದರು. ಬರೆದ ಆ ಒಂದು ಸಾಲಿನಿಂದ ತಟ್ಟೆಯ ನಾದದಲ್ಲಿ ಎಳ್ಳಷ್ಟೂ ವ್ಯತ್ಯಾಸವಾಗಿಲ್ಲ. ಹಿಂದೆ ಇಷ್ಟನ್ನೇ ಬರೆದಿದ್ದರೆ ವ್ಯಾಜ್ಯಕ್ಕೂ ವಾದಕ್ಕೂ ಎಡೆಯಿರುತ್ತಿರಲಿಲ್ಲ.