ಬೇಲಿಯ ಮದರಂಗಿ ಯಾರದು?

ಈದ್‌ಗೆ ಇನ್ನೆರಡು ದಿನಗಳಿವೆ ಎನ್ನುವಾಗ ನಮ್ಮ ಮನೆಯ ರಸ್ತೆಬದಿಯ ಬೇಲಿ ಬೋಳಾಗುವುದು ಬಹಳ ವರ್ಷಗಳಿಂದ ನಡೆದು ಬಂದ ವಾಡಿಕೆ. ಬೇಲಿ ಎಂದರೆ ಮದರಂಗಿಯ ಏಳು ಗಿಡಗಳು. ನನ್ನ ತಾಯಿ ಮದುವೆಯಾಗಿ ಸಿದ್ದಾಪುರಕ್ಕೆ ಬಂದ ವರ್ಷ ತವರಿನಿಂದ ಪೆನ್ಸಿಲ್ ಗಾತ್ರದ ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ನೆಟ್ಟವು. ಕೇಳಿ ಕೊಯ್ಯುವವರು ಕೆಲವರು, ಕೇಳದೆ ಕೊಯ್ಯುವವರು ಹಲವರು. ತಾಯಿ ಯಾರನ್ನೂ ಗದರಿದ್ದು ನನಗೆ ನೆನಪಿಲ್ಲ. ಗದರುತ್ತಿದ್ದವನು ನಾನು.

ಮದರಂಗಿ ನಿಜವಾಗಿ ನಮ್ಮ ಮಲೆನಾಡಿನ ಗಿಡವಲ್ಲ. ಅದಕ್ಕೆ ಬೇಕಾದುದು ಬಿಸಿಲು ಮತ್ತು ನೀರು ನಿಲ್ಲದ ನೆಲ. ರಾಜಸ್ಥಾನದ ಪಾಲಿ ಜಿಲ್ಲೆಯ ಸೋಜತ್‌ನ ಸುತ್ತಮುತ್ತ ಇದನ್ನು ಹೊಲಗಟ್ಟಲೆ ಬೆಳೆಯುತ್ತಾರೆ. 2021ರಲ್ಲಿ ಸೋಜತ್ ಮೆಹಂದಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ನಮ್ಮಲ್ಲೋ ನಾಲ್ಕು ತಿಂಗಳು ಬಿಡದ ಮಳೆ, ಉಳಿದಂತೆ ಅಡಿಕೆ ತೋಟದ ನೆರಳು. ಆದರೂ ತಾಯಿ ಆರಿಸಿದ ಜಾಗ ಸರಿಯಾಗಿತ್ತು. ಪಾಗಾರದ ಹೊರಗೆ, ಚಿರೆಕಲ್ಲಿನ ಇಳಿಜಾರಿನಲ್ಲಿ, ಮಧ್ಯಾಹ್ನದಿಂದ ಸಂಜೆಯವರೆಗೆ ಬಿಸಿಲು ಬೀಳುವಲ್ಲಿ. ಗೊಬ್ಬರ ಹಾಕಿದ್ದು ಅಪರೂಪ. ಚಳಿ ಕಳೆದು ನೆಲ ಒಣಗಿದಾಗ ಎಲೆ ಉದುರಿಸಿ ಗಿಡ ಬರಿಯ ಕಡ್ಡಿಯಾಗಿ ನಿಲ್ಲುತ್ತದೆ. ಸತ್ತಿತೆಂದು ಕಿತ್ತೆಸೆದವರನ್ನು ನಾನು ಬಲ್ಲೆ. ಉಗುರಿನಿಂದ ತೊಗಟೆ ಕೆರೆದು ನೋಡಬೇಕು; ಒಳಗೆ ಹಸಿರಿದ್ದರೆ ಗಿಡಕ್ಕೆ ಜೀವವಿದೆ. ಬೇಸಿಗೆಯ ಒಂದೆರಡು ಮಳೆ ಬಿದ್ದೊಡನೆ ಚಿಗುರಿ, ಕೆನೆಬಣ್ಣದ ಸಣ್ಣ ಹೂಗಳ ಗೊಂಚಲು ಬಿಡುತ್ತದೆ. ಆ ಪರಿಮಳ ರಾತ್ರಿ ಜಗಲಿಯವರೆಗೂ ಬರುತ್ತದೆ. ಹರಿತವಾದ ಕತ್ತಿಯಿಂದ ಗೆಣ್ಣಿನ ಮೇಲೆ ಕತ್ತರಿಸಿದಷ್ಟೂ ಗಿಡ ಪೊದೆಯಾಗುತ್ತದೆ. ಎಳೆದು ಮುರಿದರೆ ಮಾತ್ರ ತೊಗಟೆ ಸೀಳಿ, ಮಳೆಗಾಲದಲ್ಲಿ ಅಲ್ಲಿಂದಲೇ ಕೊಳೆಯಲಾರಂಭಿಸುತ್ತದೆ.

ನನ್ನ ಸಿಟ್ಟಿಗೆ ಕಾರಣ ಇದೇ ಆಗಿತ್ತು. ಚಾಂದ್ರಮಾನದ ತಿಂಗಳುಗಳು ಋತುಗಳ ಮೇಲೆ ಹಿಂದಕ್ಕೆ ಸರಿಯುತ್ತಾ ಹೋಗುವುದರಿಂದ ಈದ್ ಒಮ್ಮೊಮ್ಮೆ ಗಿಡದಲ್ಲಿ ಎಲೆ ಕಡಿಮೆ ಇರುವ ಕಾಲಕ್ಕೇ ಬರುತ್ತದೆ. 2025ರಲ್ಲಿ ಅದು ಬಂದದ್ದು ಮಾರ್ಚ್ 31ಕ್ಕೆ. ಅಂತಹ ವರ್ಷ ತುದಿಯ ನಾಲ್ಕು ಎಲೆಗಾಗಿ ಇಡೀ ಕೊಂಬೆಯನ್ನೇ ಬಗ್ಗಿಸಿ ಮುರಿಯುತ್ತಾರೆ. ಹಿಂದೊಮ್ಮೆ ಹೀಗೇ ಆಗಿ ಒಂದು ಗಿಡ ಬುಡದವರೆಗೆ ಕೊಳೆತು ಹೋಯಿತು. ನಾನು ಮುಳ್ಳುತಂತಿ ತಂದೆ. ತಾಯಿ ಅದನ್ನು ಸುತ್ತಲು ಬಿಡಲಿಲ್ಲ. “ಅವರು ಒಯ್ದದ್ದು ಆಗಲೇ ನನ್ನ ಲೆಕ್ಕಕ್ಕೆ ಜಮೆಯಾಗಿದೆ ಮಗಾ, ನೀನೇಕೆ ಅದನ್ನು ವಾಪಸು ಪಡೆಯುತ್ತೀ?” ಎಂದರು.

ತಾಯಿಗೆ ಓದು ಬರೆಹ ಅಷ್ಟಾಗಿ ಬಾರದು. ಆದರೆ ಅವರ ಮಾತಿಗೆ ಆಧಾರವಿತ್ತು. ಹ. ಜಾಬಿರ್(ರ) ವರದಿ ಮಾಡಿರುವ, ಸಹೀಹ್ ಮುಸ್ಲಿಮ್‌ನಲ್ಲಿರುವ ಹದೀಸಿನ ಪ್ರಕಾರ, ಮುಸ್ಲಿಮನೊಬ್ಬ ನೆಟ್ಟ ಗಿಡದಿಂದ ಜನರು ತಿಂದುದು, ಮೃಗಗಳು ತಿಂದುದು, ಹಕ್ಕಿಗಳು ತಿಂದುದು ಮಾತ್ರವಲ್ಲ, ಅದರಿಂದ ಕದ್ದುಹೋದದ್ದು ಕೂಡಾ ನೆಟ್ಟವನ ಪಾಲಿಗೆ ದಾನವಾಗುತ್ತದೆ. ಕದ್ದುಹೋದದ್ದು ಎಂಬ ಈ ಒಂದು ಮಾತು ನನ್ನನ್ನು ಬಹಳ ದಿನ ಕಾಡಿದೆ. ದಾನ ಎಂದರೆ ನಾವು ಮನಸಾರೆ ಕೊಟ್ಟದ್ದು ತಾನೇ? ನಮಗೆ ತಿಳಿಯದೆ, ನಮ್ಮ ಇಚ್ಛೆಗೆ ವಿರುದ್ಧವಾಗಿ ಹೋದದ್ದು ದಾನ ಹೇಗಾದೀತು? ನನಗೆ ತೋಚುವ ಉತ್ತರವಿಷ್ಟೆ: ನೆಡುವ ದಿನವೇ ಕೊಟ್ಟು ಮುಗಿದಿದೆ. ಗಿಡ ಯಾರ್‍ಯಾರಿಗೆ ಉಪಯೋಗವಾದೀತು ಎಂದು ಪಟ್ಟಿ ಮಾಡಿಕೊಂಡು ಯಾರೂ ನೆಡುವುದಿಲ್ಲ.

ಹಾಗಾದರೆ ಕದ್ದವರ ಕೈ ಶುದ್ಧವೇ? ಹಾಗಂತೂ ಅಲ್ಲ. ಮರದಲ್ಲಿ ತೂಗುವ ಹಣ್ಣಿನ ಬಗ್ಗೆ ಪ್ರವಾದಿವರ್ಯರಲ್ಲಿ(ಸ) ಕೇಳಲಾದಾಗ ಅವರು ಕೊಟ್ಟ ತೀರ್ಪು ಅಬೂದಾವೂದ್‌ನಲ್ಲಿದೆ. ಹಸಿದವನು ಅಲ್ಲೇ ಬಾಯಿಗೆ ಹಾಕಿಕೊಂಡರೆ ಅವನ ಮೇಲೆ ದೋಷವಿಲ್ಲ. ಸೆರಗು ತುಂಬಿ ಒಯ್ದರೆ ಅದಕ್ಕೆ ದಂಡ ತೆರಬೇಕು. ಖರ್ಜೂರದ ಮರಕ್ಕೆ ಕಲ್ಲೆಸೆಯುತ್ತಿದ್ದ ಹುಡುಗನನ್ನು ಹಿಡಿದು ತಂದಾಗ, ತಿನ್ನುವುದಕ್ಕೆ ಎಂಬ ಅವನ ಮಾತು ಕೇಳಿ, ಕಲ್ಲೆಸೆಯಬೇಡ, ಬುಡದಲ್ಲಿ ಉದುರಿದ್ದನ್ನು ತಿನ್ನು ಎಂದು ಹೇಳಿ ಅವನ ತಲೆ ಸವರಿ ಪ್ರಾರ್ಥಿಸಿದ ಘಟನೆಯೂ ಅದರಲ್ಲೇ ಇದೆ. ಹಸಿವಿಗೆ ರಿಯಾಯಿತಿ ಇದೆ, ಮರವನ್ನು ಘಾಸಿಗೊಳಿಸಲು ಇಲ್ಲ. ಮದರಂಗಿಯಂತೂ ಹಸಿವೆಗೆ ತಿನ್ನುವ ವಸ್ತುವಲ್ಲ, ಸೆರಗು ತುಂಬಿಯೇ ಒಯ್ಯಬೇಕಾದುದು!

ನಾವು ಎಡವುವುದು ಇಲ್ಲಿಯೇ. ಒಡೆಯನಿಗೆ ಹೇಳಿದ ಮಾತನ್ನು ಕೊಯ್ಯುವವರು ಓದಿಕೊಳ್ಳುತ್ತಾರೆ: ಅವರಿಗೆ ಪುಣ್ಯ ಬರುತ್ತದಲ್ಲ, ಕೇಳುವುದೇಕೆ? ಕೊಯ್ಯುವವರಿಗೆ ಹೇಳಿದ ಮಾತನ್ನು ಒಡೆಯನು ಓದಿಕೊಂಡು ಮುಳ್ಳುತಂತಿ ತರುತ್ತಾನೆ. ನಮ್ಮ ಸೀಮೆಯ ಸೊಪ್ಪಿನಬೆಟ್ಟವನ್ನು ನೋಡಿ. ತೋಟಿಗನಿಗೆ ಅಲ್ಲಿ ಸೊಪ್ಪು ಕಡಿಯುವ ಹಕ್ಕುಂಟು, ನೆಲದ ಒಡೆತನವಿಲ್ಲ. ಮರವನ್ನು ಉಳಿಸಿಯೇ ಸೊಪ್ಪು ತೆಗೆಯಬೇಕು. ಎಲೆಯ ಹಕ್ಕು ಬೇರೆ, ಮರದ ಹಕ್ಕು ಬೇರೆ ಎಂಬುದು ಇಲ್ಲಿಯ ಯಾವ ಕೂಲಿಯವನಿಗೂ ಗೊತ್ತಿರುವ ವಿಷಯ.

ಓಣಿಯ ವಾಡಿಕೆಯೇ ಅನುಮತಿಯಲ್ಲವೇ ಎಂದು ಯಾರಾದರೂ ಕೇಳಬಹುದು. ಆ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದು. ಕೇಳಿದ್ದರೆ ಸಂತೋಷದಿಂದ ಕೊಡುವವರ ಬೇಲಿಯಿಂದ ಒಂದು ಹಿಡಿ ಎಲೆ ತೆಗೆದರೆ ಆದ ಅನ್ಯಾಯವೇನು? ಆದರೆ ಮನಸ್ಸಿನಲ್ಲಿ ಚುಚ್ಚುವ, ಜನರು ನೋಡಬಾರದೆಂದು ಬಯಸುವ ಕೆಲಸವೇ ಪಾಪ ಎಂಬ ಅರ್ಥದ ಪ್ರವಾದಿ(ಸ) ವಚನವೊಂದಿದೆ. ಹಗಲಿನಲ್ಲಿ, ಜಗಲಿಯ ಮೇಲೆ ನಾನು ಕುಳಿತಿರುವಾಗ ಬಂದು ಕೊಯ್ಯುವ ಹುಡುಗಿ ವಾಡಿಕೆಯನ್ನು ನಂಬಿದವಳು. ಮಗ್ರಿಬ್ ಆದ ಮೇಲೆ ಅತ್ತಿತ್ತ ನೋಡಿ ಕೈಚಾಚುವವಳಿಗೆ ತನ್ನ ಉತ್ತರ ತಾನೇ ಗೊತ್ತಿದೆ.

ತಾಯಿ ತೀರಿಕೊಂಡ ಎರಡನೆಯ ವರ್ಷ, ಈದ್ ಕಳೆದು ಒಂದು ವಾರವಾಗಿತ್ತು, ನಡುವಯಸ್ಸಿನ ಮಹಿಳೆಯೊಬ್ಬರು ಗೇಟಿನ ಬಳಿ ನಿಂತರು. ಹಿಂದೆ ಇದೇ ಓಣಿಯಲ್ಲಿದ್ದವರು, ಈಗ ಶಿರಸಿಯಲ್ಲಿದ್ದಾರೆ. ಚಿಕ್ಕಂದಿನಲ್ಲಿ ಕೇಳದೆ ಎಲೆ ಕೊಯ್ದಿದ್ದೆ, ಒಮ್ಮೆ ಗಿಡವೇ ಸೀಳಿತು, ಅಮ್ಮನನ್ನು ಕಂಡು ಹಲಾಲ್ ಮಾಡಿಸಿಕೊಳ್ಳಲು ಬಂದೆ ಎಂದರು. ಅಮ್ಮ ಇಲ್ಲ ಎಂದಾಗ ಅವರ ಮುಖ ಬಿಳಿಚಿತು. ಇನ್ನೊಬ್ಬರ ಹಕ್ಕಿನಿಂದ ಇಂದೇ ಬಿಡುಗಡೆ ಪಡೆಯಿರಿ, ದೀನಾರ್ ದಿರ್ಹಮ್ ಯಾವುದೂ ಇಲ್ಲದ ದಿನ ಬರುವುದಕ್ಕಿಂತ ಮೊದಲು, ಎಂಬ ಬುಖಾರಿಯ ಹದೀಸಿನ ಸಾರವನ್ನು ಅವರೇ ನನಗೆ ಹೇಳಿದರು.

“ತಾಯಿ ಅಂದೇ ಬಿಟ್ಟುಕೊಟ್ಟಿದ್ದರು” ಎಂದು ಹೇಳಿ ಕಳುಹಿಸಬಹುದಿತ್ತು. ಅದು ಸುಳ್ಳೂ ಅಲ್ಲ. ಆದರೆ ಇಷ್ಟು ವರ್ಷ ಅವರು ಹೊತ್ತು ತಿರುಗಿದ್ದು ಆ ಒಂದು ಮಾತಿಗೆ ಇಳಿಯುವ ಭಾರವಾಗಿರಲಿಲ್ಲ. ತಾಯಿಯ ಹಕ್ಕು ಈಗ ಅವರ ವಾರೀಸುದಾರರದ್ದು; ನಾನೊಬ್ಬನೇ ಕ್ಷಮಿಸಿದರೆ ಸಾಲದು. ಅವರನ್ನು ಕುಳ್ಳಿರಿಸಿ ಇಬ್ಬರು ತಂಗಿಯರಿಗೂ ಫೋನ್ ಮಾಡಿದೆ. ದೊಡ್ಡವಳು ನಕ್ಕಳು, ಮದರಂಗಿ ಎಲೆಗೂ ವಿಚಾರಣೆಯೇ ಎಂದಳು. ಚಿಕ್ಕವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬಿಟ್ಟಿದ್ದೇನೆ ಅನ್ನು. ಅಮ್ಮನಿಗೆ ದುಆ ಮಾಡಲು ಹೇಳು” ಎಂದಳು.

ಹೊರಡುವಾಗ ಆರು ಕಡ್ಡಿಗಳನ್ನು ಕತ್ತಿಯಿಂದ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟೆ. ಅವರ ಮನೆಯ ಸುತ್ತ ನೆರಳಂತೆ, ಬಿಸಿಲಿರುವುದು ತಾರಸಿಯ ಮೇಲೆ ಮಾತ್ರ. ಜೂನ್ ತಿಂಗಳಲ್ಲಿ ಫೋನ್ ಬಂತು. ಎರಡು ಕಡ್ಡಿಗಳು ಚಿಗುರಿವೆ, ಕುಂಡದಲ್ಲಿ ನೀರು ನಿಲ್ಲುತ್ತಿದೆ, ಏನು ಮಾಡಲಿ ಎಂದು ಕೇಳಿದರು. ತಳಕ್ಕೆ ಇನ್ನೊಂದು ತೂತು ಕೊರೆಯಿರಿ, ಚಿರೆಕಲ್ಲಿನ ಚೂರು ಹಾಕಿ ಎಂದೆ.