ಕಣ್ಣಳತೆಯ ಕಾವಲು

ಐರ್ಲೆಂಡಿನ ಕಡಲಂಚಿನ ಗುಡ್ಡಗಳ ಮೇಲೆ ಚೌಕಾಕಾರದ ಪಾಳು ಗೋಪುರಗಳು ಅಲ್ಲಲ್ಲಿ ಒಂಟಿಯಾಗಿ ನಿಂತಿವೆ. ನೆಪೋಲಿಯನ್ನನ ಭಯದಿಂದ ಬ್ರಿಟಿಷರು 1804ರಿಂದೀಚೆಗೆ ಎರಡು ಮೂರು ವರ್ಷಗಳಲ್ಲಿ ಎಬ್ಬಿಸಿದ ಸಂಕೇತ ಠಾಣೆಗಳಿವು. ಡಬ್ಲಿನ್‌ನಿಂದ ದಕ್ಷಿಣ, ಪಶ್ಚಿಮ ತೀರಗಳನ್ನು ಬಳಸಿ ಉತ್ತರದ ಮಾಲಿನ್ ಹೆಡ್‌ವರೆಗೆ ಸುಮಾರು 81 ಇದ್ದವು. ಆ ಭಯಕ್ಕೆ ಕಾರಣವೂ ಇತ್ತು. 1796ರ ಡಿಸೆಂಬರಿನಲ್ಲಿ ಬ್ಯಾಂಟ್ರಿ ಕೊಲ್ಲಿಗೆ ಬಂದಿದ್ದ ಫ್ರೆಂಚ್ ಹಡಗುಗಳು ಬಿರುಗಾಳಿಗೆ ಸಿಕ್ಕಿ ಸೈನಿಕರನ್ನು ಇಳಿಸಲಾಗದೆ ಮರಳಿದವು. 1798ರಲ್ಲಿ ಕಿಲ್ಲಾಲಾದಲ್ಲಿ ಫ್ರೆಂಚರು ಇಳಿದೇಬಿಟ್ಟರು.

ಗೋಪುರದ ಬಳಿ ಎತ್ತರದ ಕಂಬ. ಅದಕ್ಕೆ ಬಾವುಟ, ಪತಾಕೆ, ಕಪ್ಪು ಚೆಂಡುಗಳನ್ನು ಬೇರೆ ಬೇರೆ ಕ್ರಮದಲ್ಲಿ ಏರಿಸುತ್ತಿದ್ದರು. ಮುಂದಿನ ಗುಡ್ಡದವನು ದುರ್ಬೀನಿನಲ್ಲಿ ಅದನ್ನು ಓದಿ ತನ್ನ ಕಂಬಕ್ಕೂ ಏರಿಸಬೇಕು. ಮಂಜು ಕವಿದರೆ ಸುದ್ದಿ ಅಲ್ಲಿಗೇ ನಿಂತಿತು.

ನನ್ನನ್ನು ಹಿಡಿದು ನಿಲ್ಲಿಸುವುದು ಇವುಗಳ ಬಾಗಿಲು. ಅದು ನೆಲಮಟ್ಟದಲ್ಲಿಲ್ಲ, ಮೇಲಂತಸ್ತಿನಲ್ಲಿದೆ. ಏಣಿ ಹಾಕಿಯೇ ಹತ್ತಬೇಕು. ಬಾಗಿಲ ನೇರಕ್ಕೆ, ಮಾಳಿಗೆಯ ಅಂಚಿನಲ್ಲಿ, ಕೆಳಗೆ ನಿಂತವರ ಮೇಲೆ ಗುಂಡು ಹಾರಿಸಲೆಂದು ಹೊರಚಾಚಿದ ಕಲ್ಲಿನ ಗೂಡು. 1798ರಲ್ಲಿ ಐರಿಷ್ ಜನ ಬ್ರಿಟಿಷರ ವಿರುದ್ಧ ದಂಗೆ ಎದ್ದಿದ್ದರಲ್ಲ! ಕಡಲ ಶತ್ರುವಿಗಾಗಿ ಕಟ್ಟಿದ ಗೋಪುರ ನೆಲದ ಮಕ್ಕಳಿಗೂ ಹೆದರಿತ್ತು ಎಂದೇ ನಾನು ಓದಿಕೊಳ್ಳುತ್ತೇನೆ.

1815ರಲ್ಲಿ ನೆಪೋಲಿಯನ್ ಸೋತ ಮೇಲೆ ಇವುಗಳಿಗೆ ಕೆಲಸವೇ ಉಳಿಯಲಿಲ್ಲ. ಹಲವು ಗೋಪುರಗಳ ಸೂರು ಹೋಯಿತು, ಗೋಡೆ ಬಿರಿಯಿತು. ಪರರು ಕಟ್ಟಿದ್ದನ್ನು ನಾವೇಕೆ ಕಾಯಬೇಕೆಂಬ ಪ್ರಶ್ನೆ ನಮ್ಮಲ್ಲೂ ಕೇಳುವಂಥದ್ದೇ. ಆದರೆ ಕಟ್ಟಿಸಿದವರ ಅಂಜಿಕೆ, ಆ ನೆಲದವರ ಸಿಟ್ಟು ಎರಡಕ್ಕೂ ಈ ಕಲ್ಲುಗಳೇ ಸಾಕ್ಷಿ. ಅವು ಬಿದ್ದರೆ ಇಬ್ಬರ ಕಥೆಯೂ ಮಣ್ಣುಪಾಲು.

ಕಿನ್ಸೇಲ್ ಬಳಿಯ ಓಲ್ಡ್ ಹೆಡ್ ಗೋಪುರವನ್ನು ಸ್ಥಳೀಯರು ದುರಸ್ತಿ ಮಾಡಿ 2015ರಲ್ಲಿ ತೆರೆದರು. ಅದೇ ಕಡಲಲ್ಲಿ 1915ರಲ್ಲಿ ಮುಳುಗಿದ ಲುಸಿಟಾನಿಯಾ ಹಡಗಿನ ನೆನಪಿನ ವಸ್ತುಸಂಗ್ರಹಾಲಯವೂ ಈಗ ಅಲ್ಲಿದೆ. ಇದು ಮೆಚ್ಚುವ ಕೆಲಸ, ಆದರೆ ಒಂದನ್ನು ಉಳಿಸಿದರೆ ಸಾಲದು. ಪಕ್ಕದ ಗುಡ್ಡದಲ್ಲಿ ಇನ್ನೊಂದು ಕಾಣದಿದ್ದರೆ ಸಂಕೇತ ಗೋಪುರಕ್ಕೆ ಅರ್ಥವಿಲ್ಲ. ಪರಂಪರೆಯ ಪಟ್ಟಿಗೆ ಸೇರಬೇಕಾದದ್ದು ಇಡೀ ಸಾಲು, ಗೋಪುರದಿಂದ ಗೋಪುರಕ್ಕೆ ಇರುವ ಆ ನೋಟವೂ ಸೇರಿ.